ಆಫೀಸಿಗೆ ಓಡಿಸುವ ಕಾರಿನಲ್ಲೇ ರೇಸ್ ಟ್ರ್ಯಾಕ್‌ಗೆ ಇಳಿಯಬಹುದೇ? 'ಟ್ರ್ಯಾಕ್ ಡೇ'ಗೆ ಹೋಗುವ ಮುನ್ನ ತಿಳಿಯಬೇಕಾದ ಸಂಗತಿಗಳು

ವಾರವಿಡೀ ಆಫೀಸು, ಶನಿವಾರ ಮಾರುಕಟ್ಟೆ, ರಜೆ ಸಿಕ್ಕರೆ ಊರಿನ ದಾರಿ. ನಮ್ಮಲ್ಲಿ ಬಹುತೇಕ ಕಾರುಗಳ ಬದುಕು ಇಷ್ಟೇ. ಸ್ಪೀಡೋಮೀಟರ್‌ನಲ್ಲಿ 200ರ ತನಕ ಅಂಕಿ ಬರೆದಿದ್ದರೂ ಮುಳ್ಳು ಅದರ ಅರ್ಧ ದಾಟುವುದೇ ಅಪರೂಪ. ಈ ಕಾರು ನಿಜಕ್ಕೂ ಎಷ್ಟು ಓಡಬಲ್ಲದು, ಎಷ್ಟು ಬೇಗ ನಿಲ್ಲಬಲ್ಲದು ಎಂಬ ಕುತೂಹಲ ಮಾತ್ರ ಅನೇಕ ಮಾಲೀಕರಲ್ಲಿ ಇದ್ದೇ ಇರುತ್ತದೆ.

ಆ ಕುತೂಹಲವನ್ನು ರಾತ್ರಿ ಹೊತ್ತು ರಿಂಗ್ ರೋಡ್‌ನಲ್ಲೋ ಹೆದ್ದಾರಿಯಲ್ಲೋ ತೀರಿಸಿಕೊಳ್ಳಲು ಹೋದವರ ಸುದ್ದಿ ಆಗಾಗ ಬರುತ್ತಿರುತ್ತದೆ. ಅದು ಪ್ರಾಣಕ್ಕೆ ಅಪಾಯ, ಕಾನೂನಿಗೂ ವಿರುದ್ಧ. ಅನುಮತಿಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಅಥವಾ ವೇಗದ ಪರೀಕ್ಷೆ ನಡೆಸಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ 3 ತಿಂಗಳವರೆಗೆ ಜೈಲು, 5,000 ರೂ.ವರೆಗೆ ದಂಡ ಅಥವಾ ಎರಡೂ ಆಗಬಹುದು. ಮತ್ತೆ ಸಿಕ್ಕಿಬಿದ್ದರೆ ಶಿಕ್ಷೆ ಇನ್ನೂ ಹೆಚ್ಚು.

ಇದಕ್ಕೆ ಸರಿಯಾದ ಜಾಗ ಎಂದರೆ ರೇಸ್ ಟ್ರ್ಯಾಕ್. ಅಲ್ಲಿ ಎದುರಿನಿಂದ ಲಾರಿ ಬರುವುದಿಲ್ಲ, ದನ ಅಡ್ಡ ಬರುವುದಿಲ್ಲ, ಹಂಪ್ ಇರುವುದಿಲ್ಲ. ಆದರೆ ಮನೆಯವರೆಲ್ಲ ಬಳಸುವ, ಇನ್ನೂ ಇಎಂಐ ಮುಗಿಯದ ಕಾರನ್ನು ಅಲ್ಲಿಗೆ ಒಯ್ಯುವ ಮುನ್ನ ಕೆಲವು ವಿಷಯ ಗೊತ್ತಿರಲೇಬೇಕು.

ಟ್ರ್ಯಾಕ್ ಡೇ ಎಂದರೆ ರೇಸ್ ಅಲ್ಲ

ಟ್ರ್ಯಾಕ್ ಡೇ ಎಂದರೆ ರೇಸ್ ಇಲ್ಲದ ದಿನ ಶುಲ್ಕ ಪಡೆದು ಸಾಮಾನ್ಯ ಮಾಲೀಕರಿಗೆ ಟ್ರ್ಯಾಕ್ ಬಿಟ್ಟುಕೊಡುವ ವ್ಯವಸ್ಥೆ. ಇಲ್ಲಿ ಗೆಲುವು, ಸೋಲು, ಬಹುಮಾನ ಯಾವುದೂ ಇಲ್ಲ. ಅಧಿಕೃತ ರೇಸ್‌ನಲ್ಲಿ ಸ್ಪರ್ಧಿಸಲು ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟದ (ಎಫ್‌ಎಂಎಸ್‌ಸಿಐ) ಲೈಸೆನ್ಸ್ ಬೇಕು. ಟ್ರ್ಯಾಕ್ ಡೇಗೆ ಸಾಮಾನ್ಯವಾಗಿ ಡ್ರೈವಿಂಗ್ ಲೈಸೆನ್ಸ್, ಹೆಲ್ಮೆಟ್ ಮತ್ತು ಸುಸ್ಥಿತಿಯಲ್ಲಿರುವ ಕಾರು ಇದ್ದರೆ ಸಾಕು.

ಬೆಳಿಗ್ಗೆ ಸುರಕ್ಷತೆಯ ಬಗ್ಗೆ ವಿವರಣೆ ಕೊಡುತ್ತಾರೆ, ಕಾರು ತಪಾಸಣೆ ಮಾಡುತ್ತಾರೆ. ನಂತರ ಅನುಭವ ಮತ್ತು ಕಾರಿನ ಶಕ್ತಿ ನೋಡಿ ಗುಂಪು ಮಾಡಿ, 15ರಿಂದ 20 ನಿಮಿಷಗಳ ಸರದಿಯಲ್ಲಿ ಒಂದೊಂದೇ ಗುಂಪನ್ನು ಒಳಗೆ ಬಿಡುತ್ತಾರೆ. ಓವರ್‌ಟೇಕ್ ಮಾಡುವುದು ಸಾಮಾನ್ಯವಾಗಿ ನೇರ ಹಾದಿಯಲ್ಲಿ ಮಾತ್ರ, ಅದೂ ಮುಂದಿನ ಕಾರಿನವರು ಸನ್ನೆ ಮಾಡಿ ದಾರಿ ಬಿಟ್ಟ ಮೇಲೆ.

ಎಲ್ಲೆಲ್ಲಿ ಟ್ರ್ಯಾಕ್ ಇವೆ?

ದೇಶದಲ್ಲಿ ಹೆಚ್ಚು ಹೆಸರಾದ ಟ್ರ್ಯಾಕ್‌ಗಳು ಮೂರು. ಚೆನ್ನೈನಿಂದ ಸುಮಾರು 40 ಕಿ.ಮೀ. ದೂರದಲ್ಲಿ, ಬೆಂಗಳೂರು ಹೆದ್ದಾರಿಯ ಬದಿಯ ಇರುಂಗಾಟ್ಟುಕೋಟ್ಟೈನಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ 3.7 ಕಿ.ಮೀ. ಉದ್ದದ ಟ್ರ್ಯಾಕ್ ಇದೆ. ಇದಕ್ಕೂ ಮುಂಚೆ ಚೆನ್ನೈನ ರೇಸ್‌ಗಳು ಶೋಳಾವರಂನ ಹಳೆಯ ವಿಮಾನ ಪಟ್ಟಿಯಲ್ಲಿ ನಡೆಯುತ್ತಿದ್ದವು. ಎರಡನೆಯದು ಕೊಯಮತ್ತೂರಿನ ಚೆಟ್ಟಿಪಾಳ್ಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ, ಉದ್ದ ಸುಮಾರು 2.1 ಕಿ.ಮೀ. ಮೂರನೆಯದು ದೆಹಲಿ ಪಕ್ಕದ ಗ್ರೇಟರ್ ನೋಯ್ಡಾದ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್. 5.1 ಕಿ.ಮೀ. ಉದ್ದದ ಈ ಟ್ರ್ಯಾಕ್‌ನಲ್ಲಿ 2011ರಿಂದ 2013ರವರೆಗೆ ಫಾರ್ಮುಲಾ ಒನ್ ರೇಸ್ ನಡೆದಿತ್ತು.

ಬೆಂಗಳೂರಿನವರಿಗೆ ಚೆನ್ನೈ ಅಥವಾ ಕೊಯಮತ್ತೂರು ಹತ್ತಿರ. ಮುಂಬೈ, ಪುಣೆ, ಹೈದರಾಬಾದ್‌ನವರಿಗೆ ಮೂರೂ ದೂರವೇ. ಆಯಾ ಟ್ರ್ಯಾಕ್ ಯಾವ ದಿನ ತೆರೆದಿರುತ್ತದೆ, ಯಾವ ಕಾರುಗಳಿಗೆ ಅವಕಾಶವಿದೆ ಎಂಬುದನ್ನು ಮೊದಲೇ ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು. ಎತ್ತರದ ಎಸ್‌ಯುವಿ, ಸಿಎನ್‌ಜಿ ಮತ್ತು ಎಲೆಕ್ಟ್ರಿಕ್ ಕಾರು ಇರುವವರಂತೂ ಕೇಳಿಯೇ ಹಣ ಕಟ್ಟಬೇಕು.

ಚಿಕ್ಕ ಕಾರು ಎಂಬ ಅಳುಕು ಬೇಡ. ಹೊಸಬರಿಗೆ ಕಡಿಮೆ ಶಕ್ತಿಯ ಹ್ಯಾಚ್‌ಬ್ಯಾಕ್ ಕಾರೇ ಒಳ್ಳೆಯ ಗುರು. ತಪ್ಪು ಮಾಡಿದಾಗ ವೇಗ ಕಡಿಮೆಯಿರುತ್ತದೆ, ಖರ್ಚೂ ಕಡಿಮೆ. ನಮ್ಮ ಯುವ ಚಾಲಕರು ರೇಸ್ ಕಲಿಯುವ ಎಲ್‌ಜಿಬಿ ಫಾರ್ಮುಲಾ 4 ಕಾರಿಗೂ ಅಳವಡಿಸಿದ್ದು ಮಾರುತಿ ಸ್ವಿಫ್ಟ್‌ನ 1.3 ಲೀಟರ್ ಎಂಜಿನ್ನೇ.

ಮೊದಲು ಸೋಲುವುದು ಬ್ರೇಕ್

ಟ್ರ್ಯಾಕ್‌ನಲ್ಲಿ ಎಂಜಿನ್ ಕೈಕೊಡಬಹುದು ಎಂದು ಹೊಸಬರು ಹೆದರುತ್ತಾರೆ. ಸಾಮಾನ್ಯ ಕಾರಿನಲ್ಲಿ ಮೊದಲು ಸೋಲುವುದು ಬ್ರೇಕ್.

ಕಾರಣ ಸರಳ. ಓಡುತ್ತಿರುವ ಕಾರಿನ ಶಕ್ತಿಯನ್ನು ಬ್ರೇಕ್ ಶಾಖವಾಗಿ ಬದಲಿಸುತ್ತದೆ. ವೇಗ ಎರಡು ಪಟ್ಟಾದರೆ ಆ ಶಕ್ತಿ ನಾಲ್ಕು ಪಟ್ಟಾಗುತ್ತದೆ. 1,100 ಕೆ.ಜಿ. ತೂಕದ ಕಾರು 120 ಕಿ.ಮೀ. ವೇಗದಿಂದ 60ಕ್ಕೆ ಇಳಿದಾಗ ಹೊರಬರುವ ಶಾಖದಲ್ಲಿ ಸುಮಾರು ಒಂದೂವರೆ ಲೀಟರ್ ತಣ್ಣೀರನ್ನು ಕುದಿಯುವ ಹದಕ್ಕೆ ತರಬಹುದು. ಜೋರಾಗಿ ಬ್ರೇಕ್ ಹಾಕಿದರೆ ಅಷ್ಟೂ ಶಾಖ ಎರಡು ಮೂರು ಸೆಕೆಂಡ್‌ಗಳಲ್ಲಿ ಹುಟ್ಟುತ್ತದೆ. ಊರಿನ ರಸ್ತೆಯಲ್ಲಿ ಇಂಥ ಬ್ರೇಕ್ ವರ್ಷಕ್ಕೆ ಒಂದೆರಡು ಸಲ ಬಿದ್ದರೆ ಹೆಚ್ಚು. ಟ್ರ್ಯಾಕ್‌ನಲ್ಲಿ ಒಂದೇ ಸುತ್ತಿಗೆ ನಾಲ್ಕೈದು ಸಲ ಬೀಳುತ್ತದೆ, ನಡುವೆ ತಣ್ಣಗಾಗಲು ಸಮಯವೇ ಇರುವುದಿಲ್ಲ.

ಆಗ ಎರಡು ತೊಂದರೆ ಬರಬಹುದು. ಒಂದು, ಬ್ರೇಕ್ ಪ್ಯಾಡ್ ಮಿತಿಮೀರಿ ಬಿಸಿಯಾಗಿ ಹಿಡಿತ ಕಳೆದುಕೊಳ್ಳುವುದು. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಆದರೆ ಕಾರು ನಿಲ್ಲುವುದಿಲ್ಲ. ಇನ್ನೊಂದು, ಬ್ರೇಕ್ ಆಯಿಲ್ ಕುದಿಯುವುದು. ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆಗಳು ಏಳುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಆವಿಯನ್ನು ಕುಗ್ಗಿಸಬಹುದು. ಹಾಗಾಗಿ ಪೆಡಲ್ ಮೆತ್ತಗಾಗಿ ತಳ ಮುಟ್ಟುತ್ತದೆ, ಬ್ರೇಕ್ ಹಿಡಿಯುವುದಿಲ್ಲ.

ಬ್ರೇಕ್ ಆಯಿಲ್‌ಗೆ ಗಾಳಿಯ ತೇವ ಹೀರುವ ಗುಣವಿದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು ಎಂಬುದು ಮಾನದಂಡ. ತೇವ ಸೇರಿದ ಮೇಲೆ ಅದೇ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 3 ಆಯಿಲ್‌ನಲ್ಲಿ ಈ ಅಂಕಿ 205 ಮತ್ತು 140. ಎರಡು ಮೂರು ವರ್ಷದಿಂದ ಬದಲಿಸದ ಆಯಿಲ್ ಇಟ್ಟುಕೊಂಡು ಟ್ರ್ಯಾಕ್‌ಗೆ ಹೋಗುವುದು ಅಪಾಯ ಎನ್ನುವುದು ಇದಕ್ಕೇ. ಹೋಗುವ ಮುನ್ನ ಕಂಪನಿ ಮ್ಯಾನುವಲ್‌ನಲ್ಲಿ ಹೇಳಿದ ದರ್ಜೆಯ ಹೊಸ ಆಯಿಲ್ ಹಾಕಿಸಿ, ಪೈಪಿನ ಗಾಳಿ ತೆಗೆಸಬೇಕು. ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಬದಲಿಸಬೇಕು. ಇಡೀ ತಯಾರಿಯಲ್ಲಿ ಒಂದೇ ಕೆಲಸಕ್ಕೆ ಹಣವಿದೆ ಎಂದಾದರೆ ಅದನ್ನು ಇದಕ್ಕೇ ಇಡಬೇಕು.

ಟೈರ್, ಆಯಿಲ್, ಕೂಲೆಂಟ್

ಟೈರ್‌ನ ಬದಿಯಲ್ಲಿ ನಾಲ್ಕು ಅಂಕಿಗಳ ತಯಾರಿ ದಿನಾಂಕ ಇರುತ್ತದೆ. '2322' ಎಂದಿದ್ದರೆ 2022ರ 23ನೇ ವಾರ ತಯಾರಾದದ್ದು ಎಂದರ್ಥ. ಹಳೆಯದಾಗಿ ಗಟ್ಟಿಯಾದ, ಬದಿಯಲ್ಲಿ ಸೀಳು ಅಥವಾ ಉಬ್ಬು ಇರುವ ಟೈರ್ ತೆಗೆದುಕೊಂಡು ಹೋಗಲೇಬಾರದು.

ಗಾಳಿಯ ಲೆಕ್ಕವನ್ನೂ ಗಮನಿಸಬೇಕು. ಬೆಳಿಗ್ಗೆ 30 ಡಿಗ್ರಿಯಲ್ಲಿ 32 ಪಿಎಸ್‌ಐ ಹಿಡಿಸಿದ ಟೈರ್‌ನ ಒಳಗಿನ ಗಾಳಿ 70 ಡಿಗ್ರಿಗೆ ಬಿಸಿಯಾದರೆ ಒತ್ತಡ ಸುಮಾರು 38ಕ್ಕೆ ಏರುತ್ತದೆ. ಒತ್ತಡ ಹೆಚ್ಚಾದರೆ ಟೈರ್ ಉಬ್ಬಿ ರಸ್ತೆಗೆ ತಾಗುವ ಭಾಗ ಕಡಿಮೆಯಾಗುತ್ತದೆ, ಕಾರು ಜಾರತೊಡಗುತ್ತದೆ. ಅದಕ್ಕೇ ಪ್ರತಿ ಸರದಿ ಮುಗಿದ ಮೇಲೆ ಗೇಜ್ ಹಿಡಿದು ನೋಡುತ್ತಾರೆ. ಬಿಸಿಯಿದ್ದಾಗ ಗಾಳಿ ಬಿಟ್ಟವರು ಮನೆಗೆ ಹೊರಡುವ ಮುನ್ನ ಮತ್ತೆ ತುಂಬಿಸಲು ಮರೆಯಬಾರದು. ತಣ್ಣಗಾದ ಮೇಲೆ ಒತ್ತಡ ತೀರಾ ಕಡಿಮೆಯಾಗಿರುತ್ತದೆ.

ವೇಗವಾಗಿ ತಿರುವು ತೆಗೆದುಕೊಳ್ಳುವಾಗ ಎಂಜಿನ್ ಆಯಿಲ್ ಒಂದು ಬದಿಗೆ ಸರಿಯುತ್ತದೆ. ಮಟ್ಟ ಕಡಿಮೆಯಿದ್ದರೆ ಆ ಕ್ಷಣದಲ್ಲಿ ಪಂಪ್‌ಗೆ ಆಯಿಲ್ ಸಿಗದೆ ಹೋಗಬಹುದು. ಡಿಪ್‌ಸ್ಟಿಕ್‌ನ ಮೇಲಿನ ಗೆರೆಯ ಹತ್ತಿರ ಇರುವಂತೆ ನೋಡಿಕೊಳ್ಳಬೇಕು, ಗೆರೆ ದಾಟಬಾರದು. ಕೂಲೆಂಟ್, ಹೋಸ್ ಪೈಪ್, ಬ್ಯಾಟರಿ ಕ್ಲ್ಯಾಂಪ್ ಮತ್ತು ವೀಲ್ ನಟ್‌ಗಳನ್ನೂ ಪರೀಕ್ಷಿಸಬೇಕು.

ಇನ್ಶೂರೆನ್ಸ್: ಎಲ್ಲಕ್ಕಿಂತ ಮೊದಲು ಓದಬೇಕಾದ ಕಾಗದ

ಹೆಚ್ಚಿನವರು ಯೋಚಿಸದೆ ಬಿಡುವುದು ಈ ವಿಷಯವನ್ನೇ. ಭಾರತದಲ್ಲಿ ಖಾಸಗಿ ಕಾರಿನ ಪಾಲಿಸಿಯಲ್ಲಿ 'ಬಳಕೆಯ ಮಿತಿ' ಎಂಬ ಭಾಗವಿರುತ್ತದೆ. ಆಯೋಜಿತ ರೇಸ್, ಪೇಸ್ ಮೇಕಿಂಗ್, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ ಇವುಗಳಿಗೆ ಪಾಲಿಸಿ ಅನ್ವಯಿಸುವುದಿಲ್ಲ ಎಂದು ಅಲ್ಲಿ ಬರೆದಿರುತ್ತದೆ. ಟ್ರ್ಯಾಕ್ ಡೇ ರೇಸ್ ಅಲ್ಲ ಎಂದು ವಾದಿಸಬಹುದು. ಆದರೆ ಅದನ್ನು ವೇಗ ಪರೀಕ್ಷೆ ಎಂದು ಕರೆದು ಕಂಪನಿ ಕ್ಲೇಮ್ ತಿರಸ್ಕರಿಸುವ ಸಾಧ್ಯತೆ ಇದ್ದೇ ಇದೆ.

ಅಂದರೆ ಗೋಡೆಗೆ ಗುದ್ದಿದರೆ ರಿಪೇರಿಯ ಪೂರ್ತಿ ಖರ್ಚು ಮಾಲೀಕನ ಜೇಬಿನಿಂದಲೇ ಹೋಗಬಹುದು. ಕಾರು ಪೂರ್ತಿ ಹಾಳಾದರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಕಂಪನಿಯ ವಾರಂಟಿಯೂ ಸಾಮಾನ್ಯವಾಗಿ ರೇಸ್ ಮಾದರಿಯ ಬಳಕೆಗೆ ಸಿಗುವುದಿಲ್ಲ. ಪ್ರವೇಶದ ವೇಳೆ ಸಹಿ ಹಾಕಿಸಿಕೊಳ್ಳುವ ಪತ್ರದಲ್ಲಿ, ಅನಾಹುತಕ್ಕೆ ಆಯೋಜಕರು ಹೊಣೆಯಲ್ಲ ಎಂದಿರುತ್ತದೆ. ಟ್ರ್ಯಾಕ್‌ನ ಬೇಲಿಗೆ ಹಾನಿಯಾದರೆ ಚಾಲಕನೇ ಹಣ ಕಟ್ಟಬೇಕು ಎಂಬ ಷರತ್ತೂ ಇರಬಹುದು.

ಆರೋಗ್ಯ ವಿಮೆಯ ಸ್ಥಿತಿ ತುಸು ಭಿನ್ನ. ಅಪಾಯಕಾರಿ ಕ್ರೀಡೆಗಳ ಕುರಿತ ಸಾಮಾನ್ಯ ನಿಬಂಧನೆಯಲ್ಲಿ ಮೋಟಾರ್ ರೇಸಿಂಗ್ ಹೆಸರಿದ್ದರೂ ಅದು 'ವೃತ್ತಿಪರರಾಗಿ' ಭಾಗವಹಿಸುವವರ ಬಗ್ಗೆ ಹೇಳುತ್ತದೆ. ಹಾಗಿದ್ದರೂ ಎರಡೂ ಕಂಪನಿಗಳಿಗೆ ಇ-ಮೇಲ್ ಬರೆದು ಲಿಖಿತ ಉತ್ತರ ಪಡೆಯುವುದು ಕ್ಷೇಮ. ಫೋನಿನಲ್ಲಿ ಏಜೆಂಟ್ ಹೇಳಿದ 'ಏನೂ ಆಗಲ್ಲ ಸಾರ್' ಎಂಬ ಮಾತು ಕ್ಲೇಮ್ ಹೊತ್ತಿನಲ್ಲಿ ಉಪಯೋಗಕ್ಕೆ ಬಾರದು. ಈ ಕಾರು ಹೋದರೆ ಮನೆಯ ಲೆಕ್ಕಾಚಾರ ತಲೆಕೆಳಗಾಗುತ್ತದೆಯೇ? ಹೌದಾದರೆ ಬಾಡಿಗೆಗೆ ಕಾರು ಕೊಟ್ಟು ಕಲಿಸುವ ತರಬೇತಿ ಶಾಲೆ ಅಥವಾ ಗೋ-ಕಾರ್ಟಿಂಗ್ ಟ್ರ್ಯಾಕ್‌ನಿಂದ ಶುರುಮಾಡುವುದು ಜಾಣತನ.

ಹೊರಡುವ ಮುನ್ನ

* ಕಾರಿನೊಳಗಿನ ಬಿಡಿ ವಸ್ತು ಎಲ್ಲವನ್ನೂ ತೆಗೆಯಬೇಕು. ನೀರಿನ ಬಾಟಲಿ ಉರುಳಿ ಬ್ರೇಕ್ ಪೆಡಲ್ ಅಡಿಗೆ ಸೇರಿದರೆ ಕಥೆ ಮುಗಿಯಿತು. ಮ್ಯಾಟ್, ಮೊಬೈಲ್ ಹೋಲ್ಡರ್, ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಿದ ಗಣಪತಿ ಮೂರ್ತಿಯನ್ನೂ ಆ ದಿನ ಚೀಲದಲ್ಲಿ ಇಡಬೇಕು.
* ಡಿಕ್ಕಿಯಲ್ಲಿರುವ ಜಾಕ್ ಮತ್ತು ಸ್ಟೆಪ್ನಿ ಹೊರಗಿಡಬೇಕು ಅಥವಾ ಅಲುಗದಂತೆ ಬಿಗಿಯಬೇಕು.
* ಕಾಲಿಗೆ ತೆಳು ಅಡಿಯ ಶೂ, ಮೈಗೆ ಹತ್ತಿ ಬಟ್ಟೆ ಇರಲಿ. ಚಪ್ಪಲಿಗೆ ಪ್ರವೇಶವಿಲ್ಲ.
* ಹೆಲ್ಮೆಟ್ ಯಾವ ದರ್ಜೆಯದ್ದು ಬೇಕೆಂದು ಕೇಳಬೇಕು. ಬೈಕ್ ಹೆಲ್ಮೆಟ್‌ಗೂ ಕಾರ್ ರೇಸಿಂಗ್ ಹೆಲ್ಮೆಟ್‌ಗೂ ವ್ಯತ್ಯಾಸವಿದೆ. ಕಾರಿನದ್ದಕ್ಕೆ ಬೆಂಕಿ ತಡೆಯುವ ಗುಣವೂ ಇರಬೇಕು.
* ಕಾರು ಕೆಟ್ಟರೆ ಊರಿಗೆ ಮರಳುವುದು ಹೇಗೆ ಎಂಬ ವ್ಯವಸ್ಥೆ ಮೊದಲೇ ಆಗಿರಲಿ.

ಬಾವುಟಗಳ ಭಾಷೆ

ಟ್ರ್ಯಾಕ್‌ನಲ್ಲಿ ಸಿಗ್ನಲ್ ಎಂದರೆ ಬಾವುಟ. ಹಳದಿ ಕಂಡರೆ ಮುಂದೆ ಅಪಾಯವಿದೆ, ವೇಗ ಇಳಿಸಬೇಕು, ಓವರ್‌ಟೇಕ್ ಮಾಡಬಾರದು. ಕೆಂಪು ಕಂಡರೆ ಸರದಿ ನಿಂತಿತು, ನಿಧಾನವಾಗಿ ಪಿಟ್‌ಗೆ ಮರಳಬೇಕು. ನೀಲಿ ಎಂದರೆ ಹಿಂದೆ ವೇಗದ ಕಾರು ಬರುತ್ತಿದೆ, ದಾರಿ ಬಿಡಬೇಕು. ಹಳದಿಯ ಮೇಲೆ ಕೆಂಪು ಪಟ್ಟೆ ಇದ್ದರೆ ಟ್ರ್ಯಾಕ್ ಜಾರುತ್ತಿದೆ. ಕಪ್ಪು ತೋರಿಸಿದರೆ ಪಿಟ್‌ಗೆ ಬರುವಂತೆ ಕರೆ. ಚೌಕಳಿ ಬಾವುಟ ಸರದಿ ಮುಗಿದ ಸೂಚನೆ.

ಮೊದಲ ಸುತ್ತುಗಳಲ್ಲಿ ಏನು ಮಾಡಬೇಕು?

ಮೊದಲ ಸುತ್ತು ದಾರಿ ನೋಡಲು, ಟೈರ್ ಬಿಸಿಮಾಡಲು ಮಾತ್ರ. ಎಬಿಎಸ್, ಇಎಸ್‌ಪಿ ಯಾವುದನ್ನೂ ಆಫ್ ಮಾಡಬಾರದು. ಬ್ರೇಕ್ ಕೆಲಸವನ್ನೆಲ್ಲ ಕಾರು ನೇರವಾಗಿರುವಾಗಲೇ ಬಹುಪಾಲು ಮುಗಿಸಿ, ಆಮೇಲೆ ಸ್ಟೀರಿಂಗ್ ತಿರುಗಿಸಬೇಕು. ಟೈರ್‌ಗೆ ಇರುವ ಹಿಡಿತ ಒಂದಿಷ್ಟೇ. ಅದನ್ನು ಬ್ರೇಕ್‌ಗೂ ತಿರುವಿಗೂ ಒಟ್ಟಿಗೇ ಕೇಳಿದರೆ ಎರಡಕ್ಕೂ ಸಾಲುವುದಿಲ್ಲ.

ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನು. ತಿರುವಿನಲ್ಲಿ ವೇಗ ಹೆಚ್ಚಾದರೆ ಮೂತಿ ಹೊರಗೆ ಜಾರುತ್ತದೆ. ಆಗ ಸ್ಟೀರಿಂಗ್ ಇನ್ನಷ್ಟು ತಿರುಗಿಸಿದರೆ ಪ್ರಯೋಜನವಿಲ್ಲ. ಆಕ್ಸಿಲರೇಟರ್ ಮೇಲಿನ ಕಾಲನ್ನು ಮೆಲ್ಲಗೆ ಸಡಿಲಿಸಬೇಕು. ಥಟ್ಟನೆ ಕಾಲು ತೆಗೆದರೆ ತೂಕ ಮುಂದಕ್ಕೆ ವಾಲಿ ಹಿಂಭಾಗ ತಿರುಗಿಬೀಳಬಹುದು. ಟ್ರ್ಯಾಕ್ ಬಿಟ್ಟು ಮಣ್ಣಿಗೆ ಇಳಿದರೆ ಗಾಬರಿಯಿಂದ ಸ್ಟೀರಿಂಗ್ ಎಳೆಯದೆ, ನೇರವಾಗಿ ಹಿಡಿದು ವೇಗ ಇಳಿಯಲು ಬಿಡಬೇಕು.

ಮೂರು ನಾಲ್ಕು ಸುತ್ತಿಗೆ ಸುಟ್ಟ ವಾಸನೆ ಬಂದರೆ, ಪೆಡಲ್ ಹಿಂದಿಗಿಂತ ಆಳಕ್ಕೆ ಹೋದರೆ ಅಲ್ಲಿಗೆ ನಿಲ್ಲಿಸಬೇಕು. ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದಷ್ಟು ನಿಧಾನವಾಗಿ ಓಡಿಸಿದರೆ ಗಾಳಿಗೆ ಎಲ್ಲವೂ ತಣಿಯುತ್ತದೆ. ಪಿಟ್‌ನಲ್ಲಿ ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬಾರದು. ಕಾದ ಬ್ರೇಕ್ ಅಂಟಿಕೊಳ್ಳಬಹುದು. ಗೇರ್‌ನಲ್ಲಿಟ್ಟು ಚಕ್ರಕ್ಕೆ ಕಲ್ಲು ಅಥವಾ ಮರದ ತುಂಡು ಕೊಟ್ಟರೆ ಸಾಕು.

ಸಿಗುವ ಲಾಭ, ಮರಳುವ ದಾರಿ

ಹತ್ತು ವರ್ಷ ಕಾರು ಓಡಿಸಿದವರಲ್ಲೂ ಅನೇಕರು ಬ್ರೇಕ್ ಪೆಡಲನ್ನು ಪೂರ್ತಿ ಬಲ ಹಾಕಿ ಒತ್ತಿರುವುದಿಲ್ಲ. ಎಬಿಎಸ್ ಕೆಲಸ ಮಾಡುವಾಗ ಪಾದದಡಿ ಪೆಡಲ್ ನಡುಗುತ್ತದೆ. ಇದು ಗೊತ್ತಿಲ್ಲದವರು ಹೆದ್ದಾರಿಯಲ್ಲಿ ಹೆದರಿ ಕಾಲು ತೆಗೆದುಬಿಡುತ್ತಾರೆ, ಕಾರು ಹೋಗಿ ಗುದ್ದುತ್ತದೆ. ಟ್ರ್ಯಾಕ್‌ನಲ್ಲಿ ಆ ನಡುಕ ಅಭ್ಯಾಸವಾದವರು ಕಾಲು ತೆಗೆಯುವುದಿಲ್ಲ. ದೂರಕ್ಕೆ ಕಣ್ಣಿಟ್ಟು ಓಡಿಸುವುದು, ಸರಿಯಾಗಿ ಕೂರುವುದು, ವೇಗಕ್ಕೆ ತಕ್ಕ ಅಂತರ ಎಷ್ಟು ಬೇಕೆಂಬ ಅಂದಾಜು ಕೂಡ ಅಲ್ಲಿಯೇ ಕೈಹತ್ತುತ್ತದೆ.

ಎಚ್ಚರ ಹೆಚ್ಚು ಬೇಕಾದದ್ದು ಸಂಜೆ ಮರಳುವಾಗ. ದಿನವಿಡೀ 130ರಲ್ಲಿ ಓಡಿಸಿದ ಕಣ್ಣಿಗೆ ಹೆದ್ದಾರಿಯ 100 ಆಮೆಯ ನಡಿಗೆಯಂತೆ ಕಾಣುತ್ತದೆ. ಮೈ ದಣಿದಿರುತ್ತದೆ, ಬಿಸಿಲಿಗೆ ನೀರಿನಂಶ ಇಳಿದಿರುತ್ತದೆ, ಪ್ಯಾಡ್ ಸವೆದಿರುತ್ತದೆ. ಚೆನ್ನೈನಿಂದ ಬೆಂಗಳೂರಿಗೆ 300 ಕಿ.ಮೀ.ಗೂ ಹೆಚ್ಚು ದೂರ. ರಾತ್ರಿ ಪ್ರಯಾಣಕ್ಕಿಂತ ಅಲ್ಲೇ ಉಳಿದು ಬೆಳಿಗ್ಗೆ ಹೊರಡುವುದು ಒಳ್ಳೆಯದು. ಹೊರಡುವ ಮುನ್ನ ಟೈರ್ ಗಾಳಿ, ವೀಲ್ ನಟ್, ಬ್ರೇಕ್ ಪೆಡಲ್ ಮೂರನ್ನೂ ನೋಡಬೇಕು. ಊರು ಸೇರಿದ ಮೇಲೆ ಮಕ್ಕಳನ್ನು ಅದೇ ಕಾರಿನಲ್ಲಿ ಶಾಲೆಗೆ ಬಿಡುವ ಮೊದಲು ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿಸಿ ಪ್ಯಾಡ್ ಎಷ್ಟು ಉಳಿದಿದೆ ಎಂದು ಪರೀಕ್ಷಿಸಿಕೊಳ್ಳಬೇಕು.