ಮೂರು ಕಿಲೋ ಉಕ್ಕು, ಇಪ್ಪತ್ತಾರು ಗಂಟೆ ದುಡಿಮೆ: ಆಫ್-ರೋಡ್ ವಾಹನದ ಸಸ್ಪೆನ್ಷನ್ ಬ್ರಾಕೆಟ್ ತಯಾರಿಕೆಯ ಲೆಕ್ಕ ಮತ್ತು ಹೊಣೆ

ಉದ್ಯಾವರದ ಹೆದ್ದಾರಿ ಬದಿಯಲ್ಲಿಯೂ, ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದಲ್ಲಿಯೂ, ಕಾಪು ಮತ್ತು ಕಾರ್ಕಳದ ಪೇಟೆಗಳಲ್ಲಿಯೂ ಇರುವ ಸಣ್ಣ ವೆಲ್ಡಿಂಗ್ ಮತ್ತು ಫ್ಯಾಬ್ರಿಕೇಶನ್ ಘಟಕಗಳ ನಿತ್ಯದ ಕೆಲಸವೆಂದರೆ ಗೇಟು, ಗ್ರಿಲ್ಲು, ತಗಡಿನ ಮಾಡು, ಅಪರೂಪಕ್ಕೊಮ್ಮೆ ಮಲ್ಪೆ ಅಥವಾ ಪಿತ್ರೋಡಿಯ ಕಡೆಯಿಂದ ಬರುವ ದೋಣಿಯ ರಿಪೇರಿ. ಇಂತಹ ಕೆಲಸಗಳಿಗೆ ತೂಕದ ಮೇಲೆ ಇಲ್ಲವೇ ಚದರ ಅಡಿಯ ಮೇಲೆ ದರ ಹೇಳುವುದು ರೂಢಿ. ಅಲ್ಲಿ ಆ ರೂಢಿ ತಪ್ಪಲ್ಲ. ಉಕ್ಕು ಹೆಚ್ಚಾದಂತೆ ದುಡಿಮೆಯೂ ಹೆಚ್ಚುತ್ತದೆ.

ಆದರೆ ಇದೇ ಘಟಕಗಳಿಗೆ ಬರಬಹುದಾದ ಇನ್ನೊಂದು ಬಗೆಯ ಕೆಲಸದಲ್ಲಿ ಈ ರೂಢಿಯೇ ನಷ್ಟಕ್ಕೆ ದಾರಿಯಾಗುತ್ತದೆ. ಅದು ರಸ್ತೆಯಿಲ್ಲದ ನೆಲದಲ್ಲಿ ಓಡುವ ವಾಹನಗಳಿಗೆ ಮುಂಭಾಗದ ಸಸ್ಪೆನ್ಷನ್ ಆರ್ಮ್‌ಗಳನ್ನು ಚಾಸಿಸ್ಸಿಗೆ ಹಿಡಿದಿಡುವ ಬ್ರಾಕೆಟ್ಟುಗಳನ್ನು ಅಳತೆಗೆ ತಕ್ಕಂತೆ ತಯಾರಿಸುವ ಕೆಲಸ. ನೋಟಕ್ಕೆ ಇವು ರಂಧ್ರ ಕೊರೆದ ಚಿಕ್ಕ ಉಕ್ಕಿನ ತುಂಡುಗಳು. ಆದರೆ ಮುಂದಿನ ಚಕ್ರ ವಾಹನಕ್ಕೆ ಅಂಟಿಕೊಂಡಿರುವುದು ಅವುಗಳಿಂದಲೇ.

ಈ ಕೆಲಸ ಎಲ್ಲಿಂದ ಬರುತ್ತದೆ?

ನಮ್ಮ ಸುತ್ತಮುತ್ತ ಇದಕ್ಕೆ ಮೂರು ಬಗೆಯ ಗ್ರಾಹಕರನ್ನು ಎಣಿಸಬಹುದು. ಮೊದಲನೆಯವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಅಮೆರಿಕದಲ್ಲಿ 1976ರಲ್ಲಿ ಆರಂಭವಾದ ಬಾಹಾ ಸ್ಪರ್ಧೆಯ ಭಾರತೀಯ ರೂಪವಾದ ಬಾಹಾ ಎಸ್‌ಎಇ ಇಂಡಿಯಾ 2007ರಲ್ಲಿ ಇಂದೋರ್ ಸಮೀಪದ ಪೀಥಂಪುರದಲ್ಲಿ ಮೊದಲ್ಗೊಂಡಿತು. ವಿದ್ಯಾರ್ಥಿಗಳು ತಾವೇ ವಿನ್ಯಾಸಗೊಳಿಸಿ ಕಟ್ಟಿದ ಒಬ್ಬರೇ ಕುಳಿತು ಓಡಿಸುವ ವಾಹನವನ್ನು ಗುಂಡಿ, ದಿಣ್ಣೆ, ಕೆಸರುಗಳ ಮೇಲೆ ಓಡಿಸಿ ಪರೀಕ್ಷಿಸುವ ಈ ಸ್ಪರ್ಧೆಯಲ್ಲಿ 1957ರಲ್ಲಿ ಸ್ಥಾಪನೆಯಾದ ಮಣಿಪಾಲ ತಾಂತ್ರಿಕ ಮಹಾವಿದ್ಯಾಲಯದ ತಂಡವೂ ಭಾಗವಹಿಸಿದೆ. ವಿನ್ಯಾಸ ಮತ್ತು ನಿರ್ಮಾಣ ವಿದ್ಯಾರ್ಥಿಗಳದ್ದೇ ಆಗಿರಬೇಕೆಂಬುದು ಈ ಸ್ಪರ್ಧೆಯ ಆಶಯ. ಆದ್ದರಿಂದ ಹೊರಗಿನ ಘಟಕವು ಯಾವ ಕೆಲಸವನ್ನು ಮಾಡಿಕೊಡಬಹುದು ಎಂಬುದನ್ನು ಆಯಾ ವರ್ಷದ ನಿಯಮಪುಸ್ತಕದಂತೆ ತಂಡದಿಂದ ಬರಹದಲ್ಲಿ ಪಡೆಯುವುದು ಒಳಿತು. ಎರಡನೆಯವರು ಘಟ್ಟದ ಮೇಲಿನ ತೋಟಗಳಲ್ಲಿ ಖಾಸಗಿ ನೆಲದ ಮೇಲಷ್ಟೇ ಓಡುವ ಬಗ್ಗಿಗಳ ಮಾಲೀಕರು. ಮೂರನೆಯವರು ನೋಂದಾಯಿತ ಜೀಪುಗಳ ಮಾಲೀಕರು. ಈ ಮೂವರ ಕೆಲಸವೂ ವೆಲ್ಡರನಿಗೆ ಒಂದೇ ತೆರನಾಗಿ ಕಂಡರೂ ಕಾನೂನಿನ ಕಣ್ಣಿಗೆ ಒಂದೇ ಅಲ್ಲ. ಅದನ್ನು ಮುಂದೆ ನೋಡೋಣ.

ಬ್ರಾಕೆಟ್ಟು ಮಾಡುವುದೇನು?

ತಾಂತ್ರಿಕ ವಿನ್ಯಾಸ ಎಂಜಿನಿಯರರ ಕ್ಷೇತ್ರ. ಆದರೆ ಕೆಲಸವನ್ನು ಅರಿಯದೆ ಅದರ ವೆಚ್ಚವನ್ನು ಅರಿಯಲಾಗದು. ಡಬಲ್ ವಿಶ್‌ಬೋನ್ ಎಂಬ ವ್ಯವಸ್ಥೆಯಲ್ಲಿ ಪ್ರತಿ ಮುಂಚಕ್ರಕ್ಕೆ ಮೇಲೊಂದು, ಕೆಳಗೊಂದು ಆರ್ಮ್ ಇರುತ್ತದೆ. ಪ್ರತಿ ಆರ್ಮ್ ಎರಡು ಕಡೆ ಚಾಸಿಸ್ಸಿಗೆ ಬೋಲ್ಟಿನಿಂದ ಸೇರುತ್ತದೆ. ಹೀಗೆ ಎರಡು ಚಕ್ರಗಳಿಗೆ 8 ಜೋಡಣೆಗಳು. ಬೋಲ್ಟನ್ನು ಒಂದೇ ಬದಿಯಿಂದ ಹಿಡಿದರೆ ಅದು ಬಾಗುತ್ತದೆ. ಎರಡೂ ಬದಿಯಿಂದ ಹಿಡಿದರೆ ಕತ್ತರಿಸುವ ಬಲ ಎರಡು ಕಡೆ ಹಂಚಿಹೋಗುತ್ತದೆ. ಆದಕಾರಣ ಪ್ರತಿ ಜೋಡಣೆಗೆ ಎರಡು ತುಂಡುಗಳಂತೆ ಒಟ್ಟು 16 ತುಂಡುಗಳು ಬೇಕು.

ಒಂದು ತುಂಡು 80 ಮಿ.ಮೀ. ಉದ್ದ, 60 ಮಿ.ಮೀ. ಅಗಲ, 5 ಮಿ.ಮೀ. ದಪ್ಪ ಎಂದಿಟ್ಟುಕೊಂಡರೆ ಅದರ ತೂಕ ಸುಮಾರು 188 ಗ್ರಾಂ. ಹದಿನಾರಕ್ಕೆ 3 ಕಿಲೋ. ಈ ಮೂರು ಕಿಲೋ ಉಕ್ಕು ವಾಹನದ ಭಾರವನ್ನಷ್ಟೇ ಅಲ್ಲ, ದಿಣ್ಣೆಯಿಂದ ಹಾರಿ ಒಂದೇ ಚಕ್ರದ ಮೇಲೆ ಬಿದ್ದಾಗ ಅದರ ಹಲವು ಪಟ್ಟು ಹೊಡೆತವನ್ನೂ ತಡೆಯಬೇಕು.

ಅಳತೆಯ ಮಹತ್ವಕ್ಕೆ ಒಂದು ಸರಳ ಲೆಕ್ಕ ಸಾಕು. ಒಂದು ಆರ್ಮ್‌ನ ಎರಡು ಜೋಡಣೆಗಳ ನಡುವೆ 250 ಮಿ.ಮೀ. ಅಂತರವಿದ್ದು, ಒಂದು ರಂಧ್ರ 2 ಮಿ.ಮೀ. ಪಕ್ಕಕ್ಕೆ ಸರಿದರೆ, 350 ಮಿ.ಮೀ. ಉದ್ದದ ಆರ್ಮ್‌ನ ತುದಿ ಸುಮಾರು 3 ಮಿ.ಮೀ. ಹಿಂದಕ್ಕೋ ಮುಂದಕ್ಕೋ ಸರಿಯುತ್ತದೆ. ಎಡ ಮತ್ತು ಬಲ ಚಕ್ರಗಳು ಸಮವಾಗಿ ನಿಲ್ಲುವುದಿಲ್ಲ, ಸ್ಟಿಯರಿಂಗ್ ಒಂದು ಬದಿಗೆ ಎಳೆಯುತ್ತದೆ, ಬುಶ್ ಬೇಗನೆ ಸವೆಯುತ್ತದೆ. ಗೇಟಿನಲ್ಲಿ 2 ಮಿ.ಮೀ. ವ್ಯತ್ಯಾಸವನ್ನು ಯಾರೂ ಗಮನಿಸಲಾರರು. ಇಲ್ಲಿ ಅದು ಇಡೀ ಕೆಲಸವನ್ನು ಕೆಡಿಸುತ್ತದೆ.

ತಯಾರಿಕೆಯ ಹಂತಗಳು

1. ಸ್ಥಾನ: ಬ್ರಾಕೆಟ್ಟನ್ನು ಪೈಪಿನ ನಟ್ಟನಡುವೆ ಕೂರಿಸದೆ, ಆದಷ್ಟೂ ಪೈಪುಗಳು ಸೇರುವ ಸಂದಿಯ ಸಮೀಪ ಕೂರಿಸಬೇಕು. ಅಲ್ಲಿ ಬಲವು ಚೌಕಟ್ಟಿನ ಇತರ ಭಾಗಗಳಿಗೆ ಹಂಚಿಹೋಗುತ್ತದೆ.

2. ಕತ್ತರಿಸುವಿಕೆ: ತುಂಡಿನ ಅಂಚು ಪೈಪಿನ ದುಂಡಿಗೆ ಸರಿಯಾಗಿ ಕೂರುವಂತೆ ಕತ್ತರಿಸಬೇಕು. ಬಿರುಕನ್ನು ವೆಲ್ಡಿಂಗ್ ಲೋಹದಿಂದ ತುಂಬಿಸುವುದು ಕೆಲಸವನ್ನು ಮುಚ್ಚುತ್ತದೆಯೇ ಹೊರತು ಬಲಪಡಿಸುವುದಿಲ್ಲ.

3. ಜಿಗ್: ಎರಡೂ ಜೋಡಣೆಗಳ ರಂಧ್ರಗಳ ಮೂಲಕ ಒಂದೇ ನೇರ ಸರಳನ್ನು ಹಾಯಿಸಿ, ತುಂಡುಗಳ ನಡುವೆ ಬುಶ್‌ನಷ್ಟೇ ಅಗಲದ ತುಣುಕನ್ನಿಟ್ಟು ಬಿಗಿಹಿಡಿಯಬೇಕು. ವೆಲ್ಡಿಂಗ್ ಶಾಖಕ್ಕೆ ಉಕ್ಕು ಎಳೆದುಕೊಳ್ಳುವುದು ಸಹಜ. ಜಿಗ್ ಇಲ್ಲದಿದ್ದರೆ ತುಂಡುಗಳು ಒಳಕ್ಕೆ ಬಾಗಿ ಆರ್ಮ್ ಕೂರದು.

4. ವೆಲ್ಡಿಂಗ್: ಮೇಲ್ಮೈಯ ಬಣ್ಣ, ಎಣ್ಣೆ, ತುಕ್ಕು, ಸತುವಿನ ಲೇಪ ಎಲ್ಲವನ್ನೂ ಉಜ್ಜಿ ತೆಗೆಯಬೇಕು. ಮೊದಲು ಟ್ಯಾಕ್ ಹಾಕಿ, ಅಳತೆ ನೋಡಿ, ಆಮೇಲೆ ಎಡ ಬಲ ಬದಲಿಸುತ್ತ ಸ್ವಲ್ಪ ಸ್ವಲ್ಪವಾಗಿ ವೆಲ್ಡ್ ಮಾಡಬೇಕು. ಕ್ರೋಮ್-ಮಾಲಿಬ್ಡಿನಂ ಉಕ್ಕಿನ ಪೈಪಾದರೆ ಬಿಸಿ ಸಂದಿಗೆ ನೀರು ಸುರಿಯಕೂಡದು, ತಾನಾಗಿ ಆರಬೇಕು. ಇಲ್ಲವಾದರೆ ಸಂದಿ ಗಡುಸಾಗಿ ಬಿರಿಯುತ್ತದೆ.

5. ಪರೀಕ್ಷೆ: ಬಾಹಾ ನಿಯಮಗಳು ಚೌಕಟ್ಟಿಗೆ ವೆಲ್ಡ್ ಮಾಡುವವರಿಂದ ಮಾದರಿ ತುಂಡುಗಳನ್ನು ಕೇಳುತ್ತವೆ. ಒಂದನ್ನು ಮುರಿದು, ಮುರಿತ ವೆಲ್ಡಿನಲ್ಲಿ ಅಲ್ಲದೆ ಮೂಲ ಲೋಹದಲ್ಲಿ ಆಯಿತೇ ಎಂದು ನೋಡುತ್ತಾರೆ; ಇನ್ನೊಂದನ್ನು ಉದ್ದಕ್ಕೆ ಸೀಳಿ ವೆಲ್ಡ್ ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡುತ್ತಾರೆ. ಬ್ರಾಕೆಟ್ಟಿಗೂ ಇದೇ ಶಿಸ್ತನ್ನು ಅನ್ವಯಿಸುವುದು ವಿವೇಕ. ಬಣ್ಣ ಬಳಿಯುವ ಮೊದಲೇ ಡೈ ಪೆನೆಟ್ರೆಂಟ್ ದ್ರವದಿಂದ ಬಿರುಕುಗಳನ್ನು ಪರೀಕ್ಷಿಸಬೇಕು. ಆದರೆ ಕಡಲ ಗಾಳಿಯ ನಮ್ಮ ಊರಿನಲ್ಲಿ ಪರೀಕ್ಷೆ ಮುಗಿದ ಬಳಿಕ ಬಣ್ಣಕ್ಕೆ ತಡಮಾಡಲೂಬಾರದು.

ಕುಶಲ ವೆಲ್ಡರರ ಕೊರತೆ ನಮ್ಮ ಕರಾವಳಿಗಿಲ್ಲ. ಮಲ್ಪೆಯ ದೋಣಿ ಕೆಲಸ ಮತ್ತು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಖರೀದಿಸಿದ, ಈಗ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೆಸರಿನಲ್ಲಿರುವ ಹಡಗುಕಟ್ಟೆ ಇಲ್ಲಿಯೇ ಇವೆ. ಕೊರತೆಯಿರುವುದು ಈ ಕುಶಲತೆಗೆ ಬೆಲೆ ಕಟ್ಟುವ ಲೆಕ್ಕದಲ್ಲಿ.

ವೆಚ್ಚದ ಲೆಕ್ಕ

ಕೆಳಗಿನ ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು. ಪ್ರತಿಯೊಬ್ಬರೂ ತಮ್ಮ ಘಟಕದ ಅಂಕಿಗಳನ್ನು ಹಾಕಿಕೊಳ್ಳಬೇಕು.

ಉಕ್ಕು 3 ಕಿಲೋ, ಕಿಲೋಗೆ ರೂ. 80ರಂತೆ: ರೂ. 240
ಬುಶ್, ಬೋಲ್ಟ್, ಗ್ಯಾಸ್, ವೆಲ್ಡಿಂಗ್ ತಂತಿ: ರೂ. 1,500
ದುಡಿಮೆ: ಜಿಗ್ 6 ಗಂಟೆ, ಕತ್ತರಿಸಿ ಕೊರೆಯಲು 8, ಕೂರಿಸಿ ಟ್ಯಾಕ್ ಹಾಕಲು 5, ವೆಲ್ಡಿಂಗ್ 4, ಅಳತೆ ಮತ್ತು ತಿದ್ದುಪಡಿ 3, ಒಟ್ಟು 26 ಗಂಟೆ, ಗಂಟೆಗೆ ರೂ. 350ರಂತೆ: ರೂ. 9,100
ಮಾದರಿ ತುಂಡು ಮತ್ತು ಪರೀಕ್ಷೆ: ರೂ. 600
ಒಟ್ಟು ವೆಚ್ಚ: ರೂ. 11,440

ಗಂಟೆಯ ದರದಲ್ಲಿ ಕೂಲಿಯಷ್ಟೇ ಅಲ್ಲದೆ ಬಾಡಿಗೆ, ವಿದ್ಯುತ್ತು, ಯಂತ್ರದ ಸವಕಳಿ ಇವೂ ಸೇರಿರಬೇಕು. ಇದರ ಮೇಲೆ ನೂರಕ್ಕೆ 20ರಂತೆ ಲಾಭ ಸೇರಿಸಿದರೆ ರೂ. 13,728, ಜಿಎಸ್‌ಟಿ ಶೇ. 18 ಸೇರಿ ಸುಮಾರು ರೂ. 16,199. ಇದೇ ಕೆಲಸಕ್ಕೆ ಗೇಟಿನ ಹಾಗೆ ಕಿಲೋಗೆ ರೂ. 250 ಎಂದು ಹೇಳಿದ್ದರೆ ಬಿಲ್ಲು ರೂ. 750 ಮಾತ್ರ! ತೂಕದ ದರವನ್ನು ನಾಲ್ಕು ಪಟ್ಟು ಮಾಡಿದರೂ ರೂ. 3,000 ದಾಟದು. ವೆಚ್ಚದಲ್ಲಿ ಉಕ್ಕಿನ ಪಾಲು ನೂರಕ್ಕೆ ಎರಡರಷ್ಟು. ದುಡಿಮೆಯದು ಸುಮಾರು ಎಂಬತ್ತು.

ಹೀಗೆ ಕಡಿಮೆ ಹೇಳಿದವನು ಮಧ್ಯದಲ್ಲಿ ನಷ್ಟವನ್ನು ಅರಿತಾಗ ಮೊದಲು ಕೈಬಿಡುವುದು ಜಿಗ್ಗನ್ನು, ಆಮೇಲೆ ಪರೀಕ್ಷೆಯನ್ನು. ಏಕೆಂದರೆ ಇವೆರಡೂ ಗ್ರಾಹಕನ ಕಣ್ಣಿಗೆ ಬೀಳುವುದಿಲ್ಲ. ಚಾಲಕನ ಪ್ರಾಣವನ್ನು ಕಾಯುವುದು ಮಾತ್ರ ಇವೆರಡೇ. ತಪ್ಪು ದರವು ಲಾಭವನ್ನಷ್ಟೇ ತಿನ್ನುವುದಿಲ್ಲ, ಸುರಕ್ಷತೆಯನ್ನೂ ತಿನ್ನುತ್ತದೆ.

ಜಿಗ್ಗಿನ ಬಗ್ಗೆ ಇನ್ನೊಂದು ಮಾತು. ಅದೇ ವಿನ್ಯಾಸದ 3 ವಾಹನಗಳಿಗೆ ಕೆಲಸವಿದ್ದರೆ ಜಿಗ್ಗಿನ ರೂ. 2,100 ಮೂರಕ್ಕೂ ಹಂಚಿಹೋಗಿ, ಪ್ರತಿ ವಾಹನದ ವೆಚ್ಚ ರೂ. 1,400ರಷ್ಟು ಇಳಿಯುತ್ತದೆ. ಒಂದೇ ವಾಹನವಾದರೆ ಪೂರ್ತಿ ಮೊತ್ತವನ್ನು ಅದರ ಮೇಲೆಯೇ ಹಾಕಬೇಕು. ಜಿಗ್ ಯಾರ ಸ್ವತ್ತು ಎಂಬುದನ್ನೂ ಮೊದಲೇ ಬರೆದಿಡಬೇಕು.

ಜಿಎಸ್‌ಟಿ ದೃಷ್ಟಿ

ಬ್ರಾಕೆಟ್ಟುಗಳನ್ನು ಬಿಡಿಯಾಗಿ ತಯಾರಿಸಿ ಮಾರಿದರೆ ಅದು ಸರಕಿನ ಮಾರಾಟ. ಗ್ರಾಹಕರ ಚೌಕಟ್ಟಿನ ಮೇಲೆ ವೆಲ್ಡ್ ಮಾಡಿಕೊಟ್ಟರೆ ಅದು ಸೇವೆ. ಗ್ರಾಹಕರು ನೋಂದಾಯಿತ ವ್ಯಕ್ತಿಯಾಗಿದ್ದಾಗ ಮಾತ್ರ ಕಾನೂನಿನ ಅರ್ಥದಲ್ಲಿ ಜಾಬ್ ವರ್ಕ್. 22-9-2025ಕ್ಕೆ ಮೊದಲು ವಾಹನದ ಬಿಡಿಭಾಗಗಳ ಮೇಲೆ ಸಾಮಾನ್ಯವಾಗಿ ಶೇ. 28, ನೋಂದಾಯಿತರಿಗೆ ಮಾಡಿದ ಎಂಜಿನಿಯರಿಂಗ್ ಜಾಬ್ ವರ್ಕಿನ ಮೇಲೆ ಶೇ. 12 ತೆರಿಗೆಯಿದ್ದು ವರ್ಗೀಕರಣದ ತಕರಾರಿಗೆ ಎಡೆಯಿತ್ತು. ಆ ದಿನಾಂಕದಿಂದ ಎರಡೂ ಶೇ. 18ಕ್ಕೆ ಬಂದಿವೆ. ಆದರೂ ವ್ಯತ್ಯಾಸ ಅಳಿದಿಲ್ಲ. ಸರಕು ಮಾತ್ರ ಮಾರುವವರಿಗೆ ನೋಂದಣಿಯ ಮಿತಿ ಕರ್ನಾಟಕದಲ್ಲಿ ವಾರ್ಷಿಕ ರೂ. 40 ಲಕ್ಷ, ಸೇವೆ ಸೇರಿದರೆ ರೂ. 20 ಲಕ್ಷ.

ನೋಂದಾಯಿತ ಗ್ರಾಹಕರು ಜಾಬ್ ವರ್ಕಿಗೆ ಸರಕು ಕಳುಹಿಸುವಾಗ ಡೆಲಿವರಿ ಚಲನ್ ಬೇಕು. ಕಚ್ಚಾ ಸರಕು 1 ವರ್ಷದೊಳಗೆ, ಯಂತ್ರೋಪಕರಣ 3 ವರ್ಷದೊಳಗೆ ಮರಳಬೇಕೆಂಬ ನಿಯಮವಿದೆ. ಜಿಗ್, ಫಿಕ್ಸ್‌ಚರ್ ಮತ್ತು ಅಚ್ಚುಗಳಿಗೆ ಮೂರು ವರ್ಷದ ಈ ಮಿತಿ ಅನ್ವಯಿಸುವುದಿಲ್ಲ.

ರಸ್ತೆಗೆ ಇಳಿಯುವ ವಾಹನವಾದರೆ

ಸ್ಪರ್ಧೆಯ ವಾಹನವೂ ತೋಟದೊಳಗಿನ ಬಗ್ಗಿಯೂ ಸಾರ್ವಜನಿಕ ರಸ್ತೆಗೆ ಬಾರವು. ನೋಂದಾಯಿತ ಜೀಪು ಹಾಗಲ್ಲ. 2020ರಲ್ಲಿ ಬಂದ ಎರಡನೆಯ ತಲೆಮಾರಿನ ಮಹೀಂದ್ರ ಥಾರ್‌ನ ಮುಂಭಾಗದಲ್ಲಿ ಡಬಲ್ ವಿಶ್‌ಬೋನ್ ವ್ಯವಸ್ಥೆಯಿದೆ. ವಾಹನವನ್ನು ಎತ್ತರಿಸಲು ಅದರ ಬ್ರಾಕೆಟ್ಟುಗಳನ್ನು ಬದಲಿಸಿಕೊಡಿ ಎಂದು ಗ್ರಾಹಕರು ಕೇಳಬಹುದು. ಇಲ್ಲಿ ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮನ್ನು ನೆನೆಯಬೇಕು. ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 9-1-2019ರಂದು ಕೆ. ಜಯಚಂದ್ರ ಪ್ರಕರಣದಲ್ಲಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು 182ಎ ಕಲಮನ್ನು ಸೇರಿಸಿ, ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕನಿಗೆ 6 ತಿಂಗಳವರೆಗಿನ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಿತು.

ಮುರಿದ ಬ್ರಾಕೆಟ್ಟನ್ನು ಮೂಲದಂತೆಯೇ ಸರಿಪಡಿಸುವುದು ರಿಪೇರಿ; ಸ್ಥಾನವನ್ನೋ ಆಕಾರವನ್ನೋ ಬದಲಿಸುವುದು ಮಾರ್ಪಾಡು. ಎರಡನೆಯದನ್ನು ಪ್ರಾದೇಶಿಕ ಸಾರಿಗೆ ಕಚೇರಿಯ ಲಿಖಿತ ಅನುಮತಿಯಿಲ್ಲದೆ ಒಪ್ಪಬಾರದು. ಕೆಲಸ ಕೈತಪ್ಪಿದರೂ ಚಿಂತೆಯಿಲ್ಲ.

ದಾಖಲೆಯೇ ರಕ್ಷೆ

ಗ್ರಾಹಕರ ಸಂರಕ್ಷಣಾ ಕಾಯ್ದೆ, 2019 ಉತ್ಪನ್ನದ ದೋಷದಿಂದಾದ ಹಾನಿಗೆ ಪರಿಹಾರದ ಹೊಣೆಯನ್ನು ತಯಾರಕರ ಮೇಲಲ್ಲದೆ ಸೇವೆ ನೀಡಿದವರ ಮೇಲೂ ಹೊರಿಸುತ್ತದೆ. ಆದ್ದರಿಂದ ಪ್ರತಿ ಕೆಲಸಕ್ಕೂ ಒಂದು ಕಡತವಿರಲಿ. ಗ್ರಾಹಕರು ಸಹಿ ಮಾಡಿದ ನಕ್ಷೆ, ವಾಹನದ ಬಳಕೆಯ ಬಗ್ಗೆ ಅವರ ಹೇಳಿಕೆ, ಉಕ್ಕಿನ ಖರೀದಿ ಬಿಲ್ಲು, ವೆಲ್ಡರನ ಹೆಸರು, ವೆಲ್ಡಿಂಗ್ ನಂತರದ ಅಳತೆ, ಪರೀಕ್ಷೆಯ ಛಾಯಾಚಿತ್ರ ಇವಿಷ್ಟು ಅದರಲ್ಲಿದ್ದರೆ ಸಾಕು. ನಕ್ಷೆಯಿಲ್ಲದೆ "ಅಂದಾಜಿಗೆ ಒಂದು ಹಾಕಿಕೊಡಿ" ಎನ್ನುವ ಕೆಲಸವನ್ನು ವಿನಯದಿಂದ ನಿರಾಕರಿಸಬೇಕು. ಅಲ್ಲಿ ವಿನ್ಯಾಸದ ಹೊಣೆಯೂ ವೆಲ್ಡರನ ತಲೆಗೇ ಬರುತ್ತದೆ.

ಸಾಮಗ್ರಿ ಮತ್ತು ಜಿಗ್ಗಿನ ಮೊತ್ತವನ್ನು ಮುಂಗಡವಾಗಿ ಪಡೆಯುವುದು ಲೇಸು. ಉದ್ಯಮ್ ನೋಂದಣಿಯುಳ್ಳ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ 2006ರ ಎಂಎಸ್‌ಎಂಇಡಿ ಕಾಯ್ದೆಯ ರಕ್ಷಣೆಯಿದೆ: ಖರೀದಿದಾರರು ಒಪ್ಪಿದ ಅವಧಿಯಲ್ಲಿ, ಹೆಚ್ಚೆಂದರೆ 45 ದಿನಗಳಲ್ಲಿ, ಹಣ ಪಾವತಿಸಬೇಕು.

ಮೂರು ಕಿಲೋ ಉಕ್ಕಿಗೆ ಹದಿನಾರು ಸಾವಿರ ರೂಪಾಯಿಯೇ ಎಂದು ಗ್ರಾಹಕರು ಹುಬ್ಬೇರಿಸಿದರೆ, ಗಂಟೆಗಳ ಪಟ್ಟಿಯನ್ನೂ ಮುರಿದು ನೋಡಿದ ಮಾದರಿ ತುಂಡನ್ನೂ ಅವರ ಮುಂದಿಡಿ. ಅಷ್ಟರ ಮೇಲೂ ಒಪ್ಪದವರ ಕೆಲಸವನ್ನು ಬಿಟ್ಟುಕೊಡುವುದೇ ಘಟಕಕ್ಕೂ, ಆ ವಾಹನದಲ್ಲಿ ಕುಳಿತುಕೊಳ್ಳುವವರಿಗೂ ಕ್ಷೇಮ.