ಸ್ಟೆಂಟ್ ಹಾಕದವರೂ ಚೇತರಿಸಿಕೊಂಡರು

2017ರಲ್ಲಿ ಲಂಡನ್ನಿನ ವೈದ್ಯರು ‘ಆರ್ಬಿಟಾ’ ಪ್ರಯೋಗದ ಫಲಿತಾಂಶ ಪ್ರಕಟಿಸಿದಾಗ ಹೃದ್ರೋಗ ತಜ್ಞರಲ್ಲಿ ದೊಡ್ಡ ಗದ್ದಲವೇ ಎದ್ದಿತು. ಹೃದಯದ ಒಂದು ರಕ್ತನಾಳ ತೀರಾ ಕಿರಿದಾಗಿ, ದಣಿದರೆ ಎದೆ ಹಿಡಿದುಕೊಳ್ಳುತ್ತಿದ್ದ 200 ಮಂದಿಯ ಮೇಲೆ ನಡೆದ ಪ್ರಯೋಗ ಅದು. ಎಲ್ಲರನ್ನೂ ಹೃದಯದ ನಾಳಗಳಿಗೆ ಚಿಕಿತ್ಸೆ ನೀಡುವ ಕ್ಯಾಥ್ ಲ್ಯಾಬಿನಲ್ಲಿ ಮಲಗಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಮಂಪರು ಬರಿಸಿದರು. ಸುಮಾರು ಅರ್ಧ ಮಂದಿಗೆ ಕಿರಿದಾದ ನಾಳವನ್ನು ತೆರೆದಿಡುವ ಸ್ಟೆಂಟ್ ಹಾಕಿದರು, ಉಳಿದವರಿಗೆ ಹಾಕಲಿಲ್ಲ. ಯಾರಿಗೆ ಏನಾಯಿತೆಂದು ರೋಗಿಗಳಿಗೂ ಗೊತ್ತಿಲ್ಲ, ಆಮೇಲೆ ನೋಡಿಕೊಂಡವರಿಗೂ ಗೊತ್ತಿಲ್ಲ.

ಆರು ವಾರ ಕಳೆದು ಟ್ರೆಡ್‌ಮಿಲ್ ಹತ್ತಿಸಿದಾಗ ಸ್ಟೆಂಟ್ ಇದ್ದವರು ಮೊದಲಿಗಿಂತ ಸರಾಸರಿ 28 ಸೆಕೆಂಡು ಹೆಚ್ಚು ನಡೆದರು. ಇಲ್ಲದವರೂ 12 ಸೆಕೆಂಡು ಹೆಚ್ಚು ನಡೆದರು! ನಡುವಿನ ಅಂತರ ಆಕಸ್ಮಿಕವೂ ಆಗಿರಬಹುದಾದಷ್ಟು ಚಿಕ್ಕದು.

ಹುಸಿ ಚಿಕಿತ್ಸೆ ಪಡೆದವರ ಚೇತರಿಕೆಯನ್ನೆಲ್ಲ ‘ಮನಸ್ಸಿನ ಶಕ್ತಿ’ ಎಂದುಬಿಡುವ ಚಾಳಿ ನಮ್ಮಲ್ಲಿದೆ. ಅದು ಅವಸರದ ಮಾತು. ಜನ ಆಸ್ಪತ್ರೆಗೆ ಬರುವುದೇ ನೋವು ಜೋರಾದಾಗ; ಏನೂ ಮಾಡದಿದ್ದರೂ ಎಷ್ಟೋ ಸಲ ಅದು ತಾನಾಗಿ ಇಳಿಯುತ್ತದೆ. ಕಷಾಯ ಕುಡಿದು ನೆಗಡಿ ವಾಸಿಯಾಯಿತು ಎನ್ನುವವರಿಗೆ ಇದನ್ನು ಒಪ್ಪಿಸುವುದು ಕಷ್ಟ, ಬಿಡಿ. ಪರೀಕ್ಷೆಯ ಅಭ್ಯಾಸ, ಡಾಕ್ಟರಿಗೆ ಬೇಸರವಾಗದಿರಲೆಂದು ‘ಪರವಾಗಿಲ್ಲ’ ಎನ್ನುವ ಸೌಜನ್ಯ, ಎಲ್ಲವೂ ಆ ಲೆಕ್ಕಕ್ಕೇ ಬೀಳುತ್ತವೆ.

ಏನನ್ನು ಅಳೆಯುತ್ತೇವೆ ಎಂಬುದೂ ಮುಖ್ಯ. ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ಆಸ್ತಮಾ ಅಧ್ಯಯನವೊಂದರಲ್ಲಿ ನಿಜವಾದ ಇನ್ಹೇಲರ್ ಸೇದಿದವರ ಉಸಿರಿನ ಅಳತೆ 20 ಪ್ರತಿಶತ ಏರಿತು. ಹುಸಿ ಇನ್ಹೇಲರ್‌ನಿಂದ ಏರಿದ್ದು ಬರೀ 7. ಏನೂ ಕೊಡದಿದ್ದಾಗಲೂ ಅಷ್ಟೇ. ಆದರೆ ‘ಹೇಗಿದೆ?’ ಎಂದು ಕೇಳಿದಾಗ ನಿಜ ಮತ್ತು ಹುಸಿ ಇನ್ಹೇಲರ್‌ಗಳ ನಡುವೆ ಹೆಚ್ಚುಕಮ್ಮಿ ವ್ಯತ್ಯಾಸವೇ ಇರಲಿಲ್ಲ. ಬರೀ ಬಾಯಿಮಾತನ್ನು ನಂಬಿದ್ದರೆ ಒಳ್ಳೆಯ ಔಷಧವೇ ಸೋತಂತಾಗುತ್ತಿತ್ತು.

ಹಾಗಾಗಿ ಹೋಲಿಕೆಯ ಗುಂಪಿಲ್ಲದೆ ‘ನೂರರಲ್ಲಿ ಎಂಬತ್ತು ಮಂದಿಗೆ ಗುಣವಾಯಿತು’ ಎನ್ನುವ ಜಾಹೀರಾತಿಗೆ ಕವಡೆ ಕಿಮ್ಮತ್ತೂ ಇಲ್ಲ.

ಆರ್ಬಿಟಾದ ರೋಗಿಗಳು ಮೊದಲೇ ಸಾಕಷ್ಟು ಮಾತ್ರೆ ನುಂಗುತ್ತಿದ್ದರು; ಸ್ಟೆಂಟಿನ ಗುಣ ಕಾಣಲು ಜಾಗವೇ ಉಳಿದಿರಲಿಲ್ಲ ಎಂಬ ತಕರಾರು ಬಂತು. ಅದೇ ತಂಡ ಎದೆನೋವಿನ ಮಾತ್ರೆ ನಿಲ್ಲಿಸಿ 301 ಮಂದಿಯ ಮೇಲೆ ಮತ್ತೊಂದು ಪ್ರಯೋಗ ನಡೆಸಿತು. 2023ರಲ್ಲಿ ಬಂದ ಅದರ ಫಲಿತಾಂಶದಲ್ಲಿ ಟ್ರೆಡ್‌ಮಿಲ್ ನಡಿಗೆಯ ಅಂತರ ಸ್ಟೆಂಟ್ ಇದ್ದವರ ಪರವಾಗಿ ಸುಮಾರು ಒಂದು ನಿಮಿಷ. ಎದೆನೋವೂ ಸ್ಪಷ್ಟವಾಗಿ ಕಡಿಮೆ. ಇದೆಲ್ಲ ದಣಿದಾಗ ಬರುವ, ಸ್ಥಿರವಾದ ಎದೆನೋವಿನ ಮಾತು. ಹೃದಯಾಘಾತವಾದಾಗ ಸ್ಟೆಂಟ್ ಜೀವ ಉಳಿಸುತ್ತದೆ. ಆಗ ಈ ಲೇಖನ ನೆನೆದು ತಡಮಾಡಬೇಡಿ.