ಕಿಟಕಿಯಾಚೆಯ ಕೆಂಪು ನೆಲ



ವರ್ತಕ ನಗರದ ನಮ್ಮಲ್ಲಿ ಅನೇಕರಿಗೆ ಊರೆಂದರೆ ಕುಂದಾಪುರ, ಉಡುಪಿ, ಮಂಗಳೂರು. ಥಾಣೆ ಸ್ಟೇಷನ್ನಿನಲ್ಲಿ ಮತ್ಸ್ಯಗಂಧಾ ಹತ್ತಿದರೆ ಮರುದಿನ ಬೆಳಿಗ್ಗೆ ಊರು. ಮಳೆಗಾಲದಲ್ಲಿ ಮಾತ್ರ ಗಾಡಿ ನಿಧಾನ. "ಇದೇನು, ಎತ್ತಿನಗಾಡಿಯೇ?" ಎಂದು ಗೊಣಗುವವರು ಒಮ್ಮೆ ಕಿಟಕಿಯ ಹೊರಗೆ ನೋಡಬೇಕು. ಕಾರಣ ಅಲ್ಲೇ ಇದೆ.

ರೋಹಾದಿಂದ ಮಂಗಳೂರು ಬಳಿಯ ತೋಕೂರಿನವರೆಗೆ ಸುಮಾರು 740 ಕಿ.ಮೀ. ಉದ್ದದ ಕೊಂಕಣ ರೈಲುಮಾರ್ಗ 1998ರ ಜನವರಿ 26ರಂದು ಪೂರ್ತಿಯಾಗಿ ಸಂಚಾರಕ್ಕೆ ತೆರೆಯಿತು. ಒಂದು ಕಡೆ ಸಹ್ಯಾದ್ರಿ, ಇನ್ನೊಂದು ಕಡೆ ಸಮುದ್ರ. ಕಡಲಿನಿಂದ ಬರುವ ಮೋಡಗಳು ಘಟ್ಟಕ್ಕೆ ತಡೆದು ಮೇಲೇರಿ, ತಣಿದು, ಇಲ್ಲೇ ಮಳೆ ಸುರಿಸುತ್ತವೆ.

ರೋಹಾದ ಆಸುಪಾಸಿನಲ್ಲಿ ಗುಡ್ಡ ಕಡಿದ ಜಾಗದಲ್ಲಿ ಕಾಣುವುದು ಕರಿಕಲ್ಲು. ರತ್ನಾಗಿರಿಯ ಹೊತ್ತಿಗೆ ನೆಲ ಕೆಂಪಾಗುತ್ತದೆ. ಮರಾಠಿಯವರು ಜಾಂಭಾ ಎನ್ನುವ ಈ ಕಲ್ಲು ನಮಗೆ ಮುರಕಲ್ಲು. ಲಕ್ಷಾಂತರ ವರ್ಷಗಳ ಬಿಸಿಲು, ಮಳೆಗೆ ಬಂಡೆಯೊಳಗಿನ ಬಹಳಷ್ಟು ಅಂಶ ಕರಗಿ ಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಉಳಿದು ಆದ ಕಲ್ಲು ಇದು. ತುಕ್ಕಿನ ಬಣ್ಣ ಬಂದದ್ದು ಆ ಕಬ್ಬಿಣದಿಂದ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಲಬಾರಿನಲ್ಲಿ ಜನ ಇದನ್ನು ಇಟ್ಟಿಗೆಯಂತೆ ಕಡಿದು ಮನೆ ಕಟ್ಟುವುದನ್ನು ಕಂಡ. ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ 'ಲ್ಯಾಟರೈಟ್' ಎಂದು ಹೆಸರಿಟ್ಟ. ಅವನ ಪ್ರವಾಸ ಗ್ರಂಥ 1807ರಲ್ಲಿ ಪ್ರಕಟವಾಯಿತು.

ಊರಿನ ಮನೆಯ ಗೋಡೆ, ಬಾವಿಕಟ್ಟೆ, ಗದ್ದೆಯ ಪಾಗಾರ ಎಲ್ಲ ಇದೇ ಕಲ್ಲಿನದು. ಆದರೆ ಮುರಕಲ್ಲಿನ ತುಂಬ ತೂತು. ಮಳೆನೀರು ಅದರೊಳಗಿಂದ ಇಳಿದು ಕೆಳಗಿನ ಶೇಡಿ ಮಣ್ಣನ್ನು ಸೇರುತ್ತದೆ. ಒಣಗಿದ್ದಾಗ ಗಟ್ಟಿಯಾಗಿರುವ ಶೇಡಿ ನೀರು ಕುಡಿದರೆ ಬೆಣ್ಣೆಯಂತೆ ಜಾರುತ್ತದೆ. ರೈಲಿಗಾಗಿ ಗುಡ್ಡ ಕಡಿದಲ್ಲಿ ಅದನ್ನು ಹಿಡಿದು ನಿಲ್ಲಿಸಲು ಏನೂ ಇರುವುದಿಲ್ಲ. ಕರಿಕಲ್ಲಿನ ಗುಡ್ಡದಲ್ಲೂ ಮಳೆಗೆ ಬಂಡೆ ಸಡಿಲಗೊಂಡು ಉರುಳುವುದುಂಟು.

2003ರ ಜೂನ್‌ನಲ್ಲಿ ವೈಭವವಾಡಿ ಬಳಿ ಕಾರವಾರದಿಂದ ಮುಂಬಯಿಗೆ ಬರುತ್ತಿದ್ದ ವಿಶೇಷ ರೈಲು ಕುಸಿದ ಗುಡ್ಡಕ್ಕೆ ಸಿಕ್ಕಿ 50ಕ್ಕೂ ಹೆಚ್ಚು ಜನ ತೀರಿಕೊಂಡರು. ಮರುವರ್ಷ ಜೂನ್‌ನಲ್ಲಿ ಬಂಡೆಗೆ ಬಡಿದು ಹಳಿ ತಪ್ಪಿದ್ದು ನಮ್ಮ ಮತ್ಸ್ಯಗಂಧಾ. ಆಗಲೂ ಜೀವಗಳು ಹೋದವು.

ಅದಕ್ಕೇ ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ. ಮಳೆ ಜೋರಾಗಿ ದಾರಿ ಕಾಣದಿದ್ದರೆ ಚಾಲಕರು ಗಂಟೆಗೆ 40 ಕಿ.ಮೀ. ವೇಗಕ್ಕೆ ಇಳಿಸಬೇಕು. ರತ್ನಾಗಿರಿ ಬಳಿಯ ಪಾನ್ವಲ್ ಸೇತುವೆ, ಹೊನ್ನಾವರದ ಶರಾವತಿ ಸೇತುವೆ ಮುಂತಾದೆಡೆ ಗಾಳಿಯ ವೇಗ ಅಳೆಯುವ ಯಂತ್ರಗಳಿವೆ. ಅಪಾಯದ ಜಾಗಗಳಲ್ಲಿ ಕಾವಲುಗಾರರು ಹಗಲಿರುಳು ಹಳಿಯುದ್ದಕ್ಕೂ ನಡೆದು ನೋಡುತ್ತಾರೆ.

ಮತ್ಸ್ಯಗಂಧಾ ಈ ಕೆಂಪು ನೆಲವನ್ನು ಬಹುಪಾಲು ಕತ್ತಲಲ್ಲೇ ದಾಟುತ್ತದೆ. ನೋಡುವ ಆಸೆಯಿದ್ದರೆ ಬೆಳಿಗ್ಗೆ ಹೊರಡುವ ಮಾಂಡೋವಿಯಲ್ಲಿ ಮಡಗಾಂವ್‌ವರೆಗೆ ಒಮ್ಮೆ ಹೋಗಿ ಬನ್ನಿ. ಇನ್ನು ಮಳೆಯಲ್ಲಿ ಗಾಡಿ ನಡುದಾರಿಯಲ್ಲಿ ನಿಂತರೆ ಬೈಯುವ ಮೊದಲು ಹೊರಗೆ ನೋಡಿ. ರೈನ್‌ಕೋಟು ತೊಟ್ಟು, ಕೈಯಲ್ಲಿ ದೀಪ ಹಿಡಿದು ಯಾರೋ ಒಬ್ಬರು ನಮಗಾಗಿ ಗುಡ್ಡವನ್ನು ಪರೀಕ್ಷಿಸುತ್ತಿರಬಹುದು.